ಉರಿಗಾಂಗೆ ಹೊತ್ತ ಕೋಸಿನ ಬುಟ್ಟಿ

ಚಿನ್ನದ ಗಣಿಯ ಊರು ಉರಿಗಾಂಗೆ ಬಂದ ಮೂರನೆಯ ದಿನ ರೊಟ್ಟಿ ತಟ್ಟುತ್ತಿದ್ದಾಗ ನೆಲ ಗುಡುಗಿತು. ಗೂಡಿನಲ್ಲಿದ್ದ ಪಾತ್ರೆಗಳು ಉರುಳಿದವು. ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿದೆ. ಪಕ್ಕದ ಮನೆಯ ತಮಿಳು ಹೆಂಗಸು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಗಣಿಯ ಕಡೆ ಕಿವಿಗೊಟ್ಟಳು. ಅಪಘಾತದ ಸೈರನ್ ಕೂಗಲಿಲ್ಲ. ಮತ್ತೆ ಬಟ್ಟೆ ಹಿಂಡತೊಡಗಿದಳು. ಆಳದಲ್ಲಿ ಬಂಡೆ ಸಿಡಿದರೆ ಇಲ್ಲಿ ಹೀಗೇ ಎಂದು ಆಮೇಲೆ ತಿಳಿಯಿತು. ನಮ್ಮ ಗದಗಿನ ಎರೆಭೂಮಿ ಬಿರಿಯುತ್ತದೆ, ಗುಡುಗುವುದಿಲ್ಲ.

ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ತರಕಾರಿ ಬೆಳೆಯುವುದನ್ನು ಕಲಿಸಲು ಗಣಿ ಕಂಪನಿ ನನ್ನನ್ನು ನೇಮಿಸಿತ್ತು. ವಾರಕ್ಕೆರಡು ಸಲ ಬೇತಮಂಗಲದ ಬಸ್ಸು ಹತ್ತುತ್ತಿದ್ದೆ. ಅಲ್ಲಿಯೂ ನೆಮ್ಮದಿಯಿಲ್ಲ, ನನ್ನ ಕನ್ನಡವೇ ಅವರಿಗೆ ಪರಭಾಷೆ. ಕೆರೆಯ ಕೆಳಗೆ ತುಂಡು ಹೊಲವಿದ್ದ ಮುನಿಯಮ್ಮ, ನಾನು "ಏನ್ರೀ" ಎಂದಾಗಲೆಲ್ಲ ನಗುತ್ತಿದ್ದಳು.

ನಾನು ಕೊಟ್ಟ ಸಸಿಗಳಿಂದ ಎಲೆಕೋಸು ಸೊಗಸಾಗಿ ಬಂತು. ಆದರೆ ರಾಗಿಮುದ್ದೆ, ಹುರುಳಿ ಸಾರಿನ ಆ ಊರಲ್ಲಿ ಅದನ್ನು ತಿನ್ನುವವರಿರಲಿಲ್ಲ. ಗಡ್ಡೆಗಳು ಒಡೆದು ಕೊಳೆಯತೊಡಗಿದವು.

"ಸಸಿ ಕೊಟ್ರಿ ಟೀಚ್ರಮ್ಮ. ತಿನ್ನೋರ್ನ ಯಾರು ಕೊಡ್ತಾರೆ?" ಎಂದಳು ಮುನಿಯಮ್ಮ. "ರಾಗಿ ಆಕಿದ್ರೆ ಒಟ್ಟೆಗಾದ್ರೂ ಆಗ್ತಿತ್ತು."

ಗಣಿ ಕಾರ್ಮಿಕರ ಮನೆಸಾಲುಗಳಲ್ಲಿ ಕೋಸು ಬೇಕಾದವರಿದ್ದರು. ಹಳ್ಳಿಯ ಹೆಂಗಸರಿಗೆ ಅಲ್ಲಿ ಕೋಸು ಮಾರಲು ಅನುಮತಿ ಕೊಡಿ ಎಂದು ಕಂಪನಿಯ ಸಾಹೇಬರನ್ನು ಕೇಳಿದೆ.

"ಪಾಸಿಲ್ಲದವರನ್ನು ಒಳಗೆ ಬಿಡುವಂತಿಲ್ಲ," ಎಂದರು.

"ನನ್ನ ಹತ್ರ ಪಾಸ್ ಅದ ಅಲ್ರೀ. ನಾನ ಹೊರತೀನಿ."

ಅವರು ತಮಾಷೆಯೆಂದು ನಕ್ಕರು. ಮರುದಿನ ಬುಟ್ಟಿ ಹೊತ್ತು ಮನೆಸಾಲುಗಳ ಗೇಟಿನ ಕಾವಲುಗಾರನಿಗೆ ಪಾಸ್ ತೋರಿಸಿದೆ. ಕೆಲಸ ಹೋಗಬಹುದಿತ್ತು. ಅವನು ಒಂದೊಂದೇ ಕೋಸನ್ನು ತಿರುಗಿಸಿ ನೋಡಿ ಒಳಗೆ ಬಿಟ್ಟ. "ಕೋಸು, ಕೋಸು" ಎಂದು ಕೂಗಿದರೆ ಯಾರೂ ತಿರುಗಲಿಲ್ಲ. ಪಕ್ಕದ ಮನೆಯವಳು ಹೊರಗೆ ಬಂದು, "ಮುಟ್ಟೈಕೋಸ್ ಎನ್ನಿ," ಎಂದು ತಮಿಳು ಹೆಸರು ಹೇಳಿಕೊಟ್ಟು, ತಾನೇ ಜೋರಾಗಿ ಕೂಗಿದಳು. ಬುಟ್ಟಿ ಬರಿದಾಯಿತು.

ಒಂದು ವಾರ ಹೊತ್ತೆ. ತಮ್ಮ ನೌಕರರೊಬ್ಬರು ತರಕಾರಿ ಮಾರುವುದು ಸಾಹೇಬರಿಗೆ ಮುಜುಗರವಾಗಿರಬೇಕು. ಆರು ಹೆಂಗಸರಿಗೆ ಪಾಸ್ ಬಂತು. ಮುನಿಯಮ್ಮ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, "ಈಗ ನೀವು ಸುಮ್ಕಿರಿ, ನಾವ್ ಮಾರ್ಕೋತೀವಿ," ಎಂದಳು.

ಸುಮ್ಮನಿರುವುದೇ ನನಗೆ ಬಾರದು. ಗದಗಿಗೆ ರಜೆಗೆ ಹೋದರೆ ನಾಲ್ಕೇ ದಿನಕ್ಕೆ ಇಲ್ಲಿನ ಕೋಸಿನ ಮಡಿಗಳ ಚಿಂತೆ. ಇಲ್ಲಿರುವಾಗ ಅವ್ವನ ದನಿಯ ಹಂಬಲ. ಮೊನ್ನೆ ಮರಳುವಾಗ ಬಂಗಾರಪೇಟೆಯಲ್ಲಿ ಗಣಿಯ ರೈಲಿಗೆ ಕಾಯುತ್ತಿದ್ದೆ. ನನ್ನ ಟ್ರಂಕು ಎತ್ತಿಕೊಂಡ ಕೂಲಿಯವನು ಕೇಳಿದ: "ಊರ್ಗೋಗ್ತಿದೀರಾ ಅಮ್ಮ, ಊರಿಂದ ಬತ್ತಿದೀರಾ?"

"ಹೂಂ, ಎರಡೂ ಹೌದು" ಎಂದೆ. ಅವನು ಟ್ರಂಕು ಹೊತ್ತು ಮುಂದೆ ನಡೆದ.