ಯಾರ ಪೈಕಿಯೂ ಅಲ್ಲದವಳು

ಧ್ವನಿಮುದ್ರಣದಲ್ಲಿ ಮಾತಾಡುತ್ತಿದ್ದ ಹೆಂಗಸು ನಾನೇ ಎಂದು ನಂಬಲು ಸ್ವಲ್ಪ ಹೊತ್ತೇ ಹಿಡಿಯಿತು. ತಡವರಿಸುವ ಮರಾಠಿ, ಶಾಲೆಯ ಮಗುವಿನಂಥ ಗಿಡ್ಡ ಗಿಡ್ಡ ವಾಕ್ಯ, ಎಲ್ಲದಕ್ಕೂ ಮೊದಲು ಹೌದೆನ್ನುವ ಒಂದು 'ಹೋ'. ಧಾರವಾಡದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವಾಗ ಗಂಟೆ ಬಾರಿಸಿದ್ದೂ ಗೊತ್ತಾಗದಂತೆ ಮಾತಾಡುತ್ತಿದ್ದವಳು ನಾನು. ಪುಣೆಗೆ ಬಂದ ಮೊದಲ ತಿಂಗಳು ನನ್ನ ಬಾಯನ್ನು ಬೇರೆ ಯಾರೋ ಬಾಡಿಗೆಗೆ ಹಿಡಿದಂತಿತ್ತು.

ನಮ್ಮ ಕೆಲಸವೇ ಹಾಗೆ. ಖಿನ್ನತೆಗೆ ಸಿಕ್ಕ ಹದಿಹರೆಯದವರ ಜೊತೆ ವಾರಕ್ಕೊಮ್ಮೆ ಕೂತು ಮಾತಾಡುತ್ತೇವೆ. ಆ ಮಾತಿನಲ್ಲಿ ಯಾವುದು ಅವರಿಗೆ ಆಸರೆಯಾಗುತ್ತದೆ, ಯಾವುದು ವ್ಯರ್ಥ ಎಂಬುದೇ ನಮ್ಮ ಸಂಶೋಧನೆ. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು ಮಾತನ್ನು ಮುದ್ರಿಸಿಕೊಂಡು, ಆಮೇಲೆ ನಾನೂ ನನ್ನ ಮೇಲ್ವಿಚಾರಕಿ ಮೃಣಾಲ್‌ತಾಯಿಯೂ ಕೂತು ಕೇಳುತ್ತೇವೆ. ಮರಾಠಿಯಲ್ಲಿ ಅಕ್ಕನಿಗೆ 'ತಾಯಿ' ಎನ್ನುತ್ತಾರೆ. ನನಗಿಂತ ಸಣ್ಣಗೆ ಕಾಣುವ ಆಕೆಯನ್ನು ಹಾಗೆ ಕರೆಯಲು ಮೊದಮೊದಲು ನಗು ಬರುತ್ತಿತ್ತು. ನನ್ನ ಮನೆಯ ಮಾಲಕಿಗಂತೂ ಈ ಉದ್ಯೋಗ ತಲೆಗೆ ಹತ್ತಲೇ ಇಲ್ಲ. ಬರೀ ಮಾತಾಡುವುದಕ್ಕೆ ಸಂಬಳ ಕೊಡುತ್ತಾರೆಯೇ ಎಂದು ಕೇಳಿ, ಹಾಗಿದ್ದರೆ ತಾನೂ ಅರ್ಜಿ ಹಾಕುವುದಾಗಿ ಹೇಳಿದರು.

ಊರಲ್ಲಿರುವ ನೀವು ಕೇಳುತ್ತೀರಿ, ಪುಣೆ ಏನು ಪರದೇಶವೇ ಎಂದು. ಅಲ್ಲ. ಇಲ್ಲಿಯೂ ಜೋಳದ ರೊಟ್ಟಿ ಉಂಟು, ಅದಕ್ಕೆ ಭಾಕ್ರಿ ಎನ್ನುತ್ತಾರೆ. ಆದರೆ ನಮ್ಮ ಕಡಕ್ ರೊಟ್ಟಿಯ ಹಾಗೆ ಮುರಿದರೆ ಸದ್ದಾಗುವುದಿಲ್ಲ. ಬೇಳೆ ಸಾರಿಗೆ ಆಮಟಿ ಎನ್ನುತ್ತಾರೆ, ಅದರಲ್ಲಿ ಕೈಬಿಚ್ಚಿ ಹಾಕಿದ ಬೆಲ್ಲ. ಜನ ಒಳ್ಳೆಯವರು, ದಾರಿ ಕೇಳಿದರೆ ತಿರುವಿನ ತನಕ ಬಂದು ತೋರಿಸುತ್ತಾರೆ, ಕೊತ್ತಂಬರಿ ಮಾರುವ ಅಜ್ಜಿ ನನ್ನ ಮರಾಠಿಗೆ ಮರುಗಿ ಒಂದು ಹಿಡಿ ಹೆಚ್ಚೇ ಹಾಕುತ್ತಾಳೆ. ಆದರೆ ನೀವು ಯಾರ ಪೈಕಿ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಧಾರವಾಡದಲ್ಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರೂ ನಿಲ್ದಾಣ ಬಿಡುವುದರೊಳಗೆ ಮನೆತನ, ತವರು, ಬೀಗರು ಎಲ್ಲ ಕೆದಕಿ ಎಲ್ಲಾದರೊಂದು ಎಳೆ ಹಿಡಿಯುತ್ತಿದ್ದರು. ಆಗ ಮೈ ಉರಿಯುತ್ತಿತ್ತು. ಇಲ್ಲಿಗೆ ಬಂದ ಮೇಲೆ ಆ ಒಂದು ಪ್ರಶ್ನೆಗಾಗಿ ನಾನು ಹಂಬಲಿಸಿದ್ದು ಅಷ್ಟಿಷ್ಟಲ್ಲ.

ಆ ಪ್ರಶ್ನೆ ಕೊನೆಗೂ ಬಂತು. ಅದು ಬಂದದ್ದು ಸುಧಾಳ ತಾಯಿಯಿಂದ. ಹೆಸರು, ವಿವರ ಬದಲಿಸಿದ್ದೇನೆ. ಬರೆಯಲು ಸುಧಾಳ ಒಪ್ಪಿಗೆಯೂ ಇದೆ.

ಸುಧಾ ಪುಣೆಯ ಹತ್ತಿರದ ದೌಂಡದಿಂದ ರೈಲಿನಲ್ಲಿ ಬರುತ್ತಿದ್ದ ಕಾಲೇಜು ಹುಡುಗಿ. ರೈಲ್ವೆಯಲ್ಲಿ ಕೆಲಸದಲ್ಲಿದ್ದ ಅಪ್ಪ ಕರೆತಂದು ಗೇಟಿನ ಹೊರಗೇ ಕಾಯುತ್ತಿದ್ದರು. ಮರಾಠಿ ಶಾಲೆಯಲ್ಲಿ ಓದಿದ ಆಕೆ ನನ್ನೊಡನೆ ಮರಾಠಿಯನ್ನೇ ಆಡುತ್ತಿದ್ದಳು. ಮೊದಲ ವಾರಗಳಲ್ಲಿ ನೆಲ ನೋಡುತ್ತ ಕೂತವಳು ಮುಖವೆತ್ತಿದ್ದು ನನ್ನ ವ್ಯಾಕರಣ ತಿದ್ದಲು. ತಿದ್ದುತ್ತ ತಿದ್ದುತ್ತ ತನ್ನ ಮಾತೂ ಆಡತೊಡಗಿದಳು: ಗೆಳತಿಯರ ಫೋನ್ ಎತ್ತದಿರುವುದು, ಪುಸ್ತಕ ತೆರೆದು ಒಂದೇ ಪುಟದಲ್ಲಿ ಕೂರುವುದು. ಮೃಣಾಲ್‌ತಾಯಿ ಆ ಮುದ್ರಣ ಕೇಳಿ, ಈ ಹುಡುಗಿ ಈಗ ಬಾಗಿಲು ತೆರೆಯುತ್ತಿದ್ದಾಳೆ, ಅವಸರ ಮಾಡಬೇಡ ಎಂದರು.

ಒಂದು ಶುಕ್ರವಾರ ಅಪ್ಪನ ಬದಲು ತಾಯಿ ಬಂದರು. ಹೊರಗಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಯಾರಿಗೋ, ಹಾಲು ಕಾಯಿಸಿ ಇಟ್ಟು ಬಂದದ್ದನ್ನು ಹೇಳುತ್ತಿದ್ದರು. ಅಪ್ಪಟ ಗದಗ ಸೀಮೆಯ ಕನ್ನಡ. ನನ್ನ ಕಾಲುಗಳು ನಿಂತಲ್ಲೇ ನಿಂತವು. ನಾನು ಕನ್ನಡದಲ್ಲಿ ಮಾತಾಡಿಸಿದೆ, ಅವರು ಫೋನ್ ಇಟ್ಟು ನನ್ನ ಕೈಯನ್ನೇ ಹಿಡಿದುಕೊಂಡರು.

"ಅಯ್ಯ, ನೀವು ನಮ್ಮ ಕಡೆಯವ್ರಾ? ಯಾರ ಪೈಕಿರೀ?"

ಎಳೆ ಸಿಗಲು ತಡವಾಗಲಿಲ್ಲ. ನನ್ನ ಸೋದರತ್ತೆಯನ್ನು ಕೊಟ್ಟ ಮನೆಗೂ ಅವರ ತವರಿಗೂ ಹಿಂದಿನಿಂದ ಬಳಕೆ. ಅವರು ಮಗಳತ್ತ ತಿರುಗಿ, ಇನ್ನು ಮೇಲೆ ಇವರು ನಿನಗೆ ಚಿಕ್ಕಮ್ಮ ಇದ್ದ ಹಾಗೆ, ಮೌಶಿ ಅನ್ನಬೇಕು ಎಂದರು. ಮುಂದಿನ ವಾರ ಡಬ್ಬಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಂತು. ಶ್ರಾವಣದಲ್ಲಿ ದೌಂಡಕ್ಕೆ ಬರಬೇಕು, ಊಟ ಮಾಡಿಸಿ ಉಡಿ ತುಂಬಿ ಕಳಿಸುತ್ತೇನೆ ಎಂಬ ಕರೆಯೂ ಬಂತು. ನಾನು ಬರುತ್ತೇನೆ ಎಂದುಬಿಟ್ಟೆ. ನೆಲದ ಮೇಲೆ ಕೂತು, ಒಲೆಯ ಪಕ್ಕ ರೊಟ್ಟಿ ಬಡಿಯುವ ಸದ್ದು ಕೇಳುತ್ತ, ಕನ್ನಡದಲ್ಲಿ ಹರಟುತ್ತ ಒಂದು ತುತ್ತು ಉಣ್ಣುವ ಆಸೆ ನನ್ನನ್ನು ಎಷ್ಟು ಕಾಡುತ್ತಿತ್ತೆಂದರೆ ಸುಧಾಳ ಮುಖ ನೋಡುವುದನ್ನೇ ಮರೆತೆ.

ಆಕೆ ಮತ್ತೆ ನೆಲ ನೋಡತೊಡಗಿದ್ದಳು. ಕೇಳಿದ್ದಕ್ಕೆಲ್ಲ ಚೆನ್ನಾಗಿದ್ದೇನೆ ಎಂಬುದೊಂದೇ ಉತ್ತರ. ನನ್ನ ತಪ್ಪು ಮರಾಠಿಯನ್ನೂ ತಿದ್ದಲಿಲ್ಲ. ಏನಾಯಿತೆಂದು ಬಹಳ ಕೇಳಿದ ಮೇಲೆ ಒಂದೇ ಮಾತು ಹೇಳಿದಳು.

"ಆತಾ ತುಮ್ಹೀ ಪಣ ಘರಚ್ಯಾಚ್ ಝಾಲಾತ."

ಈಗ ನೀವೂ ಮನೆಯವರೇ ಆದಿರಿ. ಮುಂದಿನ ವಾರದಿಂದ ಬರುವುದಿಲ್ಲ ಎಂದೂ ಹೇಳಿದಳು.

ಅವಳಿಗೆ ಕನ್ನಡ ಎಂದರೆ ಮನೆ, ಅತ್ತೆ, ಮೌಶಿ, ಸಂಜೆಯೊಳಗೆ ಗದಗಿಗೆ ಮುಟ್ಟುವ ಸುದ್ದಿ. ಆ ಪ್ರಪಂಚಕ್ಕೆ ಮಾತು ಮುಟ್ಟದ ಒಂದೇ ಕೋಣೆ, ನಾವು ಕೂರುವ ಈ ಕೋಣೆ, ಅವಳಿಗಿತ್ತು. ನನ್ನ ಹಸಿವು ಅದನ್ನೂ ನುಂಗುವುದರಲ್ಲಿತ್ತು. ಅವಳನ್ನು ನಮ್ಮಲ್ಲೇ ಬೇರೊಬ್ಬರಿಗೆ ಒಪ್ಪಿಸಬಹುದು, ಆದರೆ ಮೊದಲಿನಿಂದ ಶುರುಮಾಡುವ ತ್ರಾಣ ಅವಳಲ್ಲಿ ಉಳಿದಿದೆಯೇ ಎಂದು ಮೃಣಾಲ್‌ತಾಯಿ ಕೇಳಿದರು. ಇಲ್ಲವೆಂದು ನನಗೆ ಗೊತ್ತಿತ್ತು.

ಇನ್ನೊಂದೇ ಸಲ ಕರೆತನ್ನಿ ಎಂದು ಸುಧಾಳ ತಾಯಿಗೆ ಫೋನ್ ಮಾಡಿದೆ. ಬಂದಾಗ ಮೊದಲು ಅವರೊಬ್ಬರನ್ನೇ ಕೂರಿಸಿ, ದೌಂಡಕ್ಕೆ ಬರಲಾಗದು, ಡಬ್ಬಿಯೂ ಬೇಡ, ಮೌಶಿ ಎಂಬ ಮಾತೂ ಬೇಡ ಎಂದೆ. ಅವರಿಗೆ ನೋವಾಯಿತು.

"ಹಡದಾಕಿಗೆ ಹೇಳಲಾರದ್ದು ಹೊರಗಿನವ್ರ ಮುಂದ ಹೇಳೋದು ಏನ ಇರ್ತದರೀ?"

"ಹೊರಗಿನಾಕಿ ಅಂತನ ನನಗ ಹೇಳ್ತಿದ್ಲರೀ," ಎಂದೆ. "ಆಕಿ ಇಲ್ಲಿ ಬರ್ತಿರೂ ತನಕ ನಾ ಹೊರಗಿನಾಕಿನ ಆಗಿ ಇರ್ತೀನಿ."

ಅವರು ಮೇಜಿನ ಮೇಲಿಟ್ಟಿದ್ದ ಡಬ್ಬಿಯನ್ನು ಮತ್ತೆ ಚೀಲದಲ್ಲಿಟ್ಟುಕೊಂಡು ಹೊರಗೆ ಹೋಗಿ ಕೂತರು. ಎಣ್ಣೆಗಾಯಿಯ ಘಮ ಕೋಣೆಯಲ್ಲೇ ಉಳಿಯಿತು. ನಾನು ಕಿಟಕಿ ತೆರೆದು ಸುಧಾಳನ್ನು ಕರೆದೆ.

ನಡೆದದ್ದನ್ನು ಮರಾಠಿಯಲ್ಲೇ ಹೇಳಿದೆ. ನಿನ್ನ ಜೀವಕ್ಕೆ ಅಪಾಯವಿದ್ದರೆ ಮಾತ್ರ ಮನೆಯವರಿಗೆ ತಿಳಿಸುತ್ತೇನೆ, ಉಳಿದದ್ದು ಈ ಕೆಲಸದಲ್ಲಿರುವ ನಮ್ಮನ್ನು ದಾಟಿ ಹೋಗದು ಎಂದು ಮೊದಲ ದಿನ ಹೇಳಿದ್ದನ್ನು ಮತ್ತೆ ಹೇಳಿದೆ. ಆಕೆ, ನಾನು ಬಳಸಿದ ಒಂದು ಕ್ರಿಯಾಪದ ತಪ್ಪು ಎಂದಳು. ಆಮೇಲೆ ಹೇಳಿದಳು: ಬೆಳಿಗ್ಗೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳಿದೊಡನೆ, ಮತ್ತೆ ಹಗಲಾಯಿತಲ್ಲ ಎಂದು ಮುಸುಕೆಳೆದು ಅಳುತ್ತೇನೆ. ಮನೆಯಲ್ಲಿ ಯಾರೂ ನನಗೆ ಕೆಟ್ಟದ್ದು ಮಾಡಿಲ್ಲ, ಅದಕ್ಕೇ ಯಾರಿಗೂ ಹೇಳಲಾರೆ.

ನಾನು ಯಾವ ಸದ್ದಿಗೆ ಹಾತೊರೆಯುತ್ತಿದ್ದೆನೋ ಅದೇ ಸದ್ದು ಅದು. ಗೊತ್ತಿದ್ದ ಅಷ್ಟಿಷ್ಟು ಮರಾಠಿಯಲ್ಲಿ, ಆ ಹೊತ್ತು ಮೈಯಲ್ಲಿ ಏನಾಗುತ್ತದೆ, ಮನಸ್ಸಿಗೆ ಏನು ಬರುತ್ತದೆ, ಬದುಕೇ ಬೇಡ ಅನ್ನಿಸುತ್ತದೆಯೇ ಎಂದು ಒಂದೊಂದಾಗಿ ಕೇಳಿದೆ. ಆಕೆ ಒಂದೊಂದಾಗಿ ಉತ್ತರ ಕೊಟ್ಟಳು. ಹಾಗೆ ಅನ್ನಿಸುವುದಿಲ್ಲ, ಆದರೆ ದಣಿವಾಗಿದೆ ಎಂದಳು. ಮತ್ತೆ ಬರುತ್ತೇನೆ ಎಂದಳು.

ಬಾಗಿಲು ತೆರೆದೆ. ತಾಯಿ ಬೆಂಚಿನಿಂದ ಎದ್ದು ಸೆರಗು ಸರಿಮಾಡಿಕೊಂಡರು. ಮಗಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿ ಮರಾಠಿಯಲ್ಲಿ ಕೇಳಿದರು:

"ಪುಢಚ್ಯಾ ಶುಕ್ರವಾರೀ ಯಾಯ್ಚಂ ಕಾ, ಮ್ಯಾಡಮ್?"

ಮುಂದಿನ ಶುಕ್ರವಾರ ಬರಬೇಕೇ. ಬನ್ನಿ ಎಂದು ನಾನೂ ಮರಾಠಿಯಲ್ಲೇ ಹೇಳಿದೆ.