ಹಳೇ ಟೈರು ಕೊಯ್ಯುವ ಜವರಣ್ಣ

ನಾಗಮಂಗಲದಲ್ಲಿ ಟೈರ್ ಅಂಗಡಿ ಇಟ್ಟಿದ್ದ ಜವರಣ್ಣ, ಹೊಸ ಟೈರು ಹಾಕಿಕೊಟ್ಟ ಮೇಲೆ ಹಳೆಯದನ್ನು ಯಾರಿಗೂ ವಾಪಸು ಕೊಡುತ್ತಿರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ಗರಗಸ ಇಳಿಸಿ, ಹಳೇ ಟೈರನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಗಿರಾಕಿಯ ಕಣ್ಣೆದುರೇ ಅದರ ಅಂಚನ್ನು ಒಳಗಿನ ತಂತಿ ಸಮೇತ ಕೊಯ್ದು ಹಾಕುತ್ತಿದ್ದರು. ಒಮ್ಮೆ ಅಂಚು ಕತ್ತರಿಸಿದರೆ ಆ ಟೈರು ಮತ್ತೆ ಯಾವ ಚಕ್ರಕ್ಕೂ ಕೂರುವುದಿಲ್ಲ.

ನಮ್ಮ ಕಡೆ ಹಳೇ ಟೈರಿಗೆ ನೂರೆಂಟು ಕೆಲಸ. ಕೊಟ್ಟಿಗೆಯ ಕಂಬಕ್ಕೆ ಹಾಕಬಹುದು, ಹುಣಸೇಮರಕ್ಕೆ ಉಯ್ಯಾಲೆ ಕಟ್ಟಬಹುದು. ಹೊಣಕೆರೆ ಕಡೆಯ ರೈತನೊಬ್ಬ ಕೊಟ್ಟಿಗೆಗೆ ಬೇಕು ಅಂತ ಅಂಗಲಾಚಿದ್ದನ್ನು ನಾನೇ ನೋಡಿದ್ದೇನೆ. ಜವರಣ್ಣ ಗರಗಸ ಎಳೆಯುವುದನ್ನು ನಿಲ್ಲಿಸದೆ, "ಕೊಟ್ಟಿಗೆಗೆ ವೋದ ಟೈರು ತಿರ್ಗ ರೋಡಿಗೆ ಬರಾಕಿಲ್ಲ ಅಂತ ಬರ್ಕೊಟ್ಟೀಯೇನ್ಲಾ?" ಎಂದು ಕೇಳಿದರು. ಅವನು ಬೈದುಕೊಂಡು ಹೋದ.

ಗಾಳಿ ಹಾಕಿಸಲು ಆಗಾಗ ಹೋಗುತ್ತಿದ್ದ ನನಗೂ ಇದು ಮೊದಲ ದಿನದಿಂದಲೇ ಸರಿ ಕಂಡಿರಲಿಲ್ಲ. ನಾನು ದೇವಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಪರೀಕ್ಷೆ ಬಂತೆಂದರೆ ಮೂರು ಗಂಟೆ ಕಾಲ ಮಕ್ಕಳ ಕೈ, ಕಾಲು, ಕಂಪಾಸ್ ಪೆಟ್ಟಿಗೆ, ಷರಟಿನ ತೋಳು ನೋಡುತ್ತ ನಿಲ್ಲುವುದು ನನ್ನ ಕೆಲಸ. ಯಾರಾದರೂ ಒಂದು ವಸ್ತುವನ್ನು ಅಷ್ಟು ಅವಸರದಿಂದ ನಾಶ ಮಾಡುತ್ತಾರೆಂದರೆ ಅದರಲ್ಲಿ ಏನೋ ಇದೆ ಎಂದೇ ಅರ್ಥ. ಕಾಪಿ ಚೀಟಿಯನ್ನು ಬಾಯಿಗೆ ಹಾಕಿಕೊಂಡು ನುಂಗುವ ಹುಡುಗರನ್ನು ನಾನು ಎಷ್ಟು ನೋಡಿಲ್ಲ. ಈ ಮನುಷ್ಯ ತಾನು ಮಾರಿದ ಕಳಪೆ ಟೈರಿನ ಸಾಕ್ಷಿ ಉಳಿಯಬಾರದೆಂದೇ ಕೊಯ್ಯುತ್ತಾನೆ ಎಂದು ನಾನು ತೀರ್ಮಾನ ಮಾಡಿದ್ದೆ. ನಮ್ಮವರಿಗೂ ಹೇಳಿದ್ದೆ. ಅವರು ಜೆರಾಕ್ಸ್ ಅಂಗಡಿ ಇಟ್ಟಿರುವ ಸಾಧು ಪ್ರಾಣಿ. ಯಾರ ಬಗ್ಗೆ ಏನು ಹೇಳಿದರೂ "ಇರಬಹುದು" ಎನ್ನುತ್ತಾರೆ.

ನೋಡಲು ಜವರಣ್ಣ ಒಣಗಿದ ತೆಂಗಿನ ಗರಿಯ ಹಾಗೆ ಉದ್ದಕ್ಕೆ, ತೆಳ್ಳಗೆ ಇದ್ದರು. ಎರಡು ಗುಂಡಿ ಇಲ್ಲದ ಖಾಕಿ ಷರಟು, ಮೂಗಿನ ತುದಿಗೆ ಜಾರಿದ ಕನ್ನಡಕ. ಹೊಸ ಟೈರು ಬಂದರೆ ಹಲಸಿನಹಣ್ಣಿನಂತೆ ಮೂಸಿ ನೋಡುತ್ತಿದ್ದರು. ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿ, ಗುರುತು ಎಷ್ಟು ಹೊತ್ತಿಗೆ ಮಾಯವಾಗುತ್ತದೆ ಎಂದು ಕಾಯುತ್ತಿದ್ದರು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅದನ್ನು ಅವರು ತಾವಾಗಿ ಎಂದೂ ಓದಿ ಹೇಳುತ್ತಿರಲಿಲ್ಲ. ಗಿರಾಕಿಯನ್ನು ಕುಕ್ಕರುಗಾಲಲ್ಲಿ ಕೂರಿಸಿ ಅವರ ಬಾಯಿಂದಲೇ ಜೋರಾಗಿ ಓದಿಸುತ್ತಿದ್ದರು. ಅಕ್ಷರ ಬರುವುದಿಲ್ಲವೇನೋ ಎಂದುಕೊಂಡು ನಾನು ಒಮ್ಮೆ ಕೇಳಿದೆ. "ಓದಾಕ್ ಬತ್ತದೆ ಕಣ್ರವ್ವ. ನಾನ್ ಓದುದ್ರೆ ನೀವು ನನ್ನ ಮಾತ್ನ ನಂಬಿದಂಗಾಯ್ತದೆ. ನೀವೇ ಓದಿ, ನೀವೇ ಅನುಮಾನ ಪಡಿ" ಅಂದರು.

ಅವರ ಅಂಗಡಿಗೆ ನಾನು ಖಾಯಂ ಆಗಿ ಹೋಗುವಂತಾಗಿದ್ದು ಕನ್ಯಾಕುಮಾರಿಯ ಆಸೆಯಿಂದ. ನಮ್ಮ ಮನೆಯಲ್ಲಿ ಬೈಕು ಓಡಿಸುವವಳು ನಾನು, ಹಿಂದೆ ಕೂರುವವರು ನಮ್ಮವರು. ಅವರಿಗೆ ಸೈಕಲ್ಲೂ ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ, ಚಾಮರಾಜನಗರದ ಮೇಲೆ ಹಾದು, ದಿಂಬಂ ಘಾಟಿ ಇಳಿದು, ಕನ್ಯಾಕುಮಾರಿಗೆ ಹೋಗಿ ಬರುವುದೆಂದು ಇಬ್ಬರೂ ಒಂದು ವರ್ಷದಿಂದ ಮಾತಾಡಿಕೊಂಡಿದ್ದೆವು. ಹಿಂದಿನ ಟೈರು ನಡುವೆ ಸವೆದು ಹಲಗೆಯಂತಾಗಿತ್ತು. ಒಮ್ಮೆ ಹಾಕಿಸಿದರೆ ಐದಾರು ವರ್ಷ ತಿರುಗಿ ನೋಡಬಾರದು, ಅಂಥ ಟೈರು ಬೇಕೆಂದು ನಾನು ಫೋನಿನಲ್ಲಿ ಕಂಡಕಂಡವರ ಮಾತು ಕೇಳಿ ಪಟ್ಟಿ ಮಾಡಿಕೊಂಡು ಹೋದೆ.

ಜವರಣ್ಣ ಪಟ್ಟಿಯನ್ನು ನೋಡಲೇ ಇಲ್ಲ. ಹಿಂದೆ ಯಾರು ಕೂರುತ್ತಾರೆ ಎಂದು ಕೇಳಿದರು. ನಮ್ಮ ಯಜಮಾನರು ಎಂದೆ. ಕನ್ನಡಕ ಮೇಲೆ ಸರಿಸಿ ನನ್ನನ್ನೊಮ್ಮೆ, ಬೈಕನ್ನೊಮ್ಮೆ ನೋಡಿದರು. ಎಷ್ಟು ತೂಕ, ಎಷ್ಟು ಲಗೇಜು, ಮಳೆ ಬಂದರೆ ನಿಲ್ಲುತ್ತೀರೋ ಓಡಿಸುತ್ತೀರೋ, ಎಲ್ಲ ಕೇಳಿದರು. ಹೆಣ್ಣು ನೋಡಲು ಬಂದವರೂ ನನ್ನನ್ನು ಅಷ್ಟು ಕೇಳಿರಲಿಲ್ಲ. ಕೊನೆಗೆ ನಾನು ಗುರುತು ಹಾಕಿಕೊಂಡಿದ್ದ, ಎಲ್ಲಕ್ಕಿಂತ ಹೆಚ್ಚು ದಿನ ಬಾಳುವ ಟೈರನ್ನು ಕೊಡುವುದಿಲ್ಲ ಎಂದುಬಿಟ್ಟರು.

"ಕಲ್ಲಿನಂಗಿರ್ತದೆ, ಸವೆಯಾಕಿಲ್ಲ. ಸವೀದೇ ಇರೋ ಟೈರು ಒದ್ದೆ ರೋಡ್ನ ಇಡಿಯಾಕೂ ಇಲ್ಲ ಟೀಚರಮ್ಮ. ನಡುಮಧ್ಯ ಗಟ್ಟಿ, ಪಕ್ಕ ಮೆತ್ಗೆ, ಅಂತದ್ದು ತಗಳಿ. ಸ್ವಲ್ಪ ಬೇಗ ಸವೀತದೆ, ಆದ್ರೆ ಘಾಟೀಲಿ ಬಗ್ಗಿದಾಗ ಕೈ ಬುಡಾಕಿಲ್ಲ."

ನನಗೆ ಆಗಲೇ ಗೊತ್ತಾಯಿತು. ಬೇಗ ಸವೆದರೆ ತಾನೇ ನಾನು ಬೇಗ ಇವರ ಬಾಗಿಲಿಗೆ ಬರುವುದು. ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ಮುಂದಿನ ಭಾನುವಾರ ಕೆ.ಆರ್. ಪೇಟೆಗೆ ಹೋದೆ. ಅಲ್ಲಿ ಗಾಜಿನ ಬಾಗಿಲಿನ ಹೊಸ ಅಂಗಡಿ. ಕೂರಲು ಸೋಫಾ, ಕುಡಿಯಲು ತಣ್ಣನೆ ನೀರು, ಕಂಪ್ಯೂಟರಿನ ಬಿಲ್ಲು. ಟೂರಿಗೆಂದೇ ಮಾಡಿದ ಟೈರು, ಐವತ್ತು ಸಾವಿರ ಕಿಲೋಮೀಟರಿಗೆ ಮೋಸವಿಲ್ಲ ಎಂದು ಟೈ ಕಟ್ಟಿದವನು ನಗುತ್ತ ಹೇಳಿದ. ಟೈರು ಮದುವೆ ಗಂಡಿನ ಬೂಟಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಅವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ವರ್ಷಗಟ್ಟಲೆ ಮಕ್ಕಳ ತೋಳು ತಡವಿ ನೋಡಿದ ನಾನು, ಆ ಟೈರಿನ ನಾಲ್ಕು ಅಂಕಿಗಳನ್ನು ಬಗ್ಗಿ ನೋಡಲಿಲ್ಲ. ಅಲ್ಲೇ ಹಾಕಿಸಿಕೊಂಡು ಬಂದೆ.

ಹೊರಡುವುದಕ್ಕೆ ನಾಲ್ಕು ದಿನ ಇದ್ದಾಗ ಗಾಳಿ ಕಡಿಮೆಯಾಗಿತ್ತು. ದೇವಲಾಪುರದಿಂದ ಬರುವ ದಾರಿಯಲ್ಲಿ ಬೇರೆ ಅಂಗಡಿ ಬಾಗಿಲು ಹಾಕಿದ್ದರಿಂದ, ಮುಖ ಗಟ್ಟಿ ಮಾಡಿಕೊಂಡು ಜವರಣ್ಣನ ಮುಂದೆಯೇ ಬೈಕು ನಿಲ್ಲಿಸಿದೆ. ಅವರು ಬೇರೆ ಕಡೆ ಹಾಕಿಸಿದಿರಾ ಎಂದು ಕೇಳಲಿಲ್ಲ. ಗಾಳಿ ಪೈಪು ಹಿಡಿದು ಬಗ್ಗಿದವರು ಹಾಗೇ ನಿಂತರು. ಪೈಪು ಕೆಳಗಿಟ್ಟು, ಮೂಸಿದರು. ಟೈರಿನ ಗೆರೆಯೊಳಗೆ ಉಗುರು ತೂರಿಸಿ ಉದ್ದಕ್ಕೂ ಎಳೆದರು. ಆಮೇಲೆ ನನ್ನನ್ನು ಕರೆದು ಅಂಕಿ ಓದಿ ಎಂದರು.

ಕುಕ್ಕರುಗಾಲಲ್ಲಿ ಕೂತು ಹುಡುಕಿದೆ. ಅಂಕಿ ಇರಬೇಕಾದ ಜಾಗ ನುಣ್ಣಗೆ ಉಜ್ಜಿ ಹೋಗಿತ್ತು.

ಅವರು ಒಂದು ಬಟ್ಟೆಗೆ ಪೆಟ್ರೋಲು ಅದ್ದಿ ಪಕ್ಕೆಯನ್ನು ಒರೆಸಿದರು. ಕಪ್ಪು ಪಾಲಿಶು ಬಟ್ಟೆಗೆ ಬಂದು, ಕೆಳಗೆ ಬೂದಿ ಬಣ್ಣದ ರಬ್ಬರು, ಅದರ ತುಂಬ ಕೂದಲೆಳೆಯ ಬಿರುಕು ಕಂಡವು. ಹಳೇ ಬೋಳು ಟೈರಿಗೆ ಕಾದ ಬ್ಲೇಡಿನಿಂದ ಹೊಸದಾಗಿ ಗೆರೆ ಕೊಯ್ದಿದ್ದರು. ದಿಂಬಂ ಘಾಟಿಯ ತಿರುವುಗಳು, ಹಿಂದೆ ನನ್ನ ಹೆಗಲು ಹಿಡಿದು ಕೂತ ನಮ್ಮವರು ಕಣ್ಣಮುಂದೆ ಬಂದರು. ಭಯಕ್ಕಿಂತ ಮೊದಲು ನಾಚಿಕೆಯಾಯಿತು.

ಆದರೆ ನನ್ನ ಅನುಮಾನ ಆಗಲೂ ಸುಮ್ಮನಿರಲಿಲ್ಲ. ಹಾವಿನ ಹೆಜ್ಜೆ ಹಾವೇ ಬಲ್ಲುದು. ಉಗುರು ಎಳೆದಷ್ಟಕ್ಕೇ ಇವರಿಗೆ ಹೇಗೆ ಗೊತ್ತಾಯಿತು? ಮುಚ್ಚುಮರೆ ಇಲ್ಲದೆ ಕೇಳಿಯೇಬಿಟ್ಟೆ.

ಜವರಣ್ಣ ಅಲ್ಲಿದ್ದ ಟೈರುಗಳ ಮೇಲೆ ಕೂತರು. "ಈ ಕೆಲ್ಸ ನಾನ್ ಮಾಡೀವ್ನಿ" ಅಂದರು.

ಇಪ್ಪತ್ತರ ವಯಸ್ಸಿನಲ್ಲಿ ಅವರು ಶ್ರೀರಂಗಪಟ್ಟಣದ ಹತ್ತಿರ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. ಅಂಗಡಿಯ ಹಿಂದೆ ಇದ್ದಿಲ ಒಲೆ, ಅದರಲ್ಲಿ ಕಾಯಿಸಿದ ಬ್ಲೇಡು. ಗೆರೆ ಕೊಯ್ಯುವುದರಲ್ಲಿ ಅವರ ಕೈಯೇ ಎಲ್ಲರಿಗಿಂತ ಸಲೀಸು. ಹಾಗೆ ಕೊಯ್ದ ಒಂದು ಟೈರನ್ನು, ಪಾಂಡವಪುರದ ಕಡೆ ಆಲೆಮನೆ ಇಟ್ಟಿದ್ದ ಒಬ್ಬ ಬೈಕಿಗೆ ಹಾಕಿಸಿಕೊಂಡು ಹೋದ. ಎರಡು ವಾರಕ್ಕೆ ಕೈಗೆ ಪಟ್ಟಿ ಕಟ್ಟಿಕೊಂಡು, ಬಿಚ್ಚಿದ ಚಕ್ರ ಹೊತ್ತು ನಡೆದುಕೊಂಡು ಬಂದ. ಟೈರು ಸಿಡಿದು ಗಂಡಹೆಂಡತಿ ಇಬ್ಬರೂ ಬಿದ್ದಿದ್ದರು, ಹೆಂಡತಿ ಇನ್ನೂ ಆಸ್ಪತ್ರೆಯಲ್ಲಿದ್ದಳು.

"ನನ್ಗೆ ಒಡೀತಾನೆ ಅಂದ್ಕಂಡೆ ಕಣ್ರವ್ವ. ಒಡುದ್ರೆ ಒಡೀಲಿ ಅಂತ ನಿಂತಿದ್ದೆ. ಅವ್ನು, ನಂದೇ ತಪ್ಪು ಕಣಣ್ಣ, ಗುಂಡಿ ನೋಡ್ನಿಲ್ಲ, ಟೈರು ಚೆನ್ನಾಗಿತ್ತು, ಅಂತದ್ದೇ ಇನ್ನೊಂದು ಆಕು ಅಂದ."

"ಹಾಕಿದ್ರಾ?"

"ಆಕ್ದೆ. ಯಜಮಾನ ನೋಡ್ತಾ ನಿಂತಿದ್ದ, ಆಕ್ದೆ."

ಆಮೇಲೆ ಅವನು ಏನಾದನೋ ಜವರಣ್ಣನಿಗೆ ಗೊತ್ತಿಲ್ಲ. ಊರು ಕೇಳಿಕೊಳ್ಳಲೂ ಧೈರ್ಯವಾಗಲಿಲ್ಲವಂತೆ. ಆ ತಿಂಗಳೇ ಕೆಲಸ ಬಿಟ್ಟು ನಾಗಮಂಗಲಕ್ಕೆ ಬಂದು ಪಂಕ್ಚರ್ ಅಂಗಡಿ ಹಾಕಿದರು. "ಅವ್ನು ಒಂದ್ ಸಲನಾರ ಅನುಮಾನ ಪಟ್ಟಿದ್ರೆ ನಾನ್ ಬದ್ಕೋತಿದ್ದೆ" ಅಂದರು. ಸಮಾಧಾನ ಹೇಳುವ ಮನಸ್ಸಾಗಲಿಲ್ಲ. ಆ ಹೆಂಗಸಿನದೇ ಚಿಂತೆಯಾಗಿತ್ತು ನನಗೆ. ಅವಳೂ ನಮ್ಮವರ ಹಾಗೆ ಹಿಂದೆ ಕೂತಿದ್ದವಳು.

ನಾನು ಟೈರು ಬಿಚ್ಚಿಕೊಡಿ, ಕೆ.ಆರ್. ಪೇಟೆಯವನ ಮುಖಕ್ಕೆ ಎಸೆದು ಬರುತ್ತೇನೆ ಎಂದೆ. ಅವರು ಬಿಚ್ಚಿದರು. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಮೊದಲ ಸಲ ನನ್ನ ಹತ್ತಿರ ಬೇಡುವ ದನಿಯಲ್ಲಿ ಮಾತಾಡಿದರು.

"ವಾಪಸ್ ಕೊಟ್ರೆ ನಿಮ್ ದುಡ್ಡು ಬತ್ತದೆ. ಅವ್ನು ತಿರ್ಗ ಪಾಲಿಶ್ ಒಡ್ದು ಇನ್ನೊಬ್ಬರಿಗೆ ಆಕ್ತಾನೆ. ನೀವ್ ಊಂ ಅಂದ್ರೆ ಕೊಯ್ತೀನಿ."

ಉದಾರಿ ಎಂದು ಹೇಳಿಕೊಳ್ಳುವವಳಲ್ಲ ನಾನು. ಬಿಲ್ಲು ಪರ್ಸಿನಲ್ಲೇ ಇತ್ತು. ತೆಗೆದು ಮೊತ್ತ ನೋಡಿದೆ. ಆಮೇಲೆ ಕೊಯ್ಯಿರಿ ಎಂದೆ. ಅಷ್ಟು ವರ್ಷ ಅನುಮಾನದಿಂದ ನೋಡಿದ್ದ ಆ ಕೆಲಸವನ್ನು ಅಂದು ಟೈರಿನ ಇನ್ನೊಂದು ತುದಿ ಹಿಡಿದುಕೊಂಡು ನೋಡಿದೆ. ತಂತಿ ಬಂದಾಗ ಗರಗಸ ಕಿರ್ರೆನ್ನುತ್ತಿತ್ತು. ಕೊಯ್ದ ಟೈರು ತೆಗೆದುಕೊಂಡು ಹೋಗಿ ಗಾಜಿನ ಬಾಗಿಲಿನವನ ಹತ್ತಿರ ಜಗಳವಾಡಿದ್ದೂ ಆಯಿತು. ಇದು ನಮ್ಮದಲ್ಲ ಎಂದು ಅವನು ನಗುತ್ತಲೇ ಹೇಳಿದ.

ಕನ್ಯಾಕುಮಾರಿಗೆ ಜವರಣ್ಣ ಹೇಳಿದ ಟೈರಿನಲ್ಲೇ ಹೋದೆವು. ಹೊರಡುವ ಮುನ್ನ ಅಂಕಿಯನ್ನು ನನ್ನಿಂದಲೂ ಓದಿಸಿದರು, ನಮ್ಮವರಿಂದಲೂ ಓದಿಸಿದರು. ಬೆಳಿಗ್ಗೆ ಟೈರು ಬಿಸಿಯಾಗುವ ಮೊದಲೇ ಗಾಳಿ ನೋಡಬೇಕು, ಹಿಂದೆ ಆಳು ಕೂತರೆ ಸ್ವಲ್ಪ ಜಾಸ್ತಿ ಇರಬೇಕು ಎಂದು ಮೂರು ಸಲ ಹೇಳಿದರು. ಘಾಟಿಯಲ್ಲಿ ಮಳೆ ಹಿಡಿಯಿತು. ತಿರುವಿನಿಂದ ತಿರುವಿಗೆ ಬಗ್ಗುತ್ತ ಇಳಿದೆ, ಟೈರು ಒಮ್ಮೆಯೂ ಜಾರಲಿಲ್ಲ. ಕೆಳಗೆ ತಲುಪಿ ತಿರುಗಿ ನೋಡಿದರೆ ನಮ್ಮವರು ನನ್ನ ಬೆನ್ನಿಗೆ ತಲೆಯಿಟ್ಟು ತೂಕಡಿಸುತ್ತಿದ್ದರು. ಅವರು ಎಲ್ಲರನ್ನೂ ನಂಬುತ್ತಾರೆ.

ಮೂರು ವರ್ಷದ ಮೇಲೆ ಜವರಣ್ಣನ ಕಣ್ಣು ಮಂಜಾಯಿತು. ಅಂಗಡಿಯನ್ನು ಬೇರೆಯವರಿಗೆ ಬಿಟ್ಟು ಪಾಂಡವಪುರದಲ್ಲಿದ್ದ ಮಗಳ ಮನೆಗೆ ಹೋದರು. ಮಗಳ ಜಮೀನು, ಹಸು ಎಲ್ಲ ಅಲ್ಲೇ ಇದ್ದವು. ನಾನು ಒಮ್ಮೆ ಬೈಕಿನಲ್ಲೇ ಹೋಗಿ ಮಾತಾಡಿಸಿದೆ. ಜಗಲಿಯಿಂದ ಇಳಿದು ಬಂದು, ಮನುಷ್ಯರನ್ನು ವಿಚಾರಿಸುವ ಮೊದಲು ಟೈರಿನ ಮೇಲೆ ಅಂಗೈ ಆಡಿಸಿದರು. "ಎರಡ್ ಪಕ್ಕನೂ ತಿಂದದೆ. ಗಾಳಿ ನೋಡ್ದೆ ಓಡ್ಸಿದ್ದೀರಿ" ಅಂದರು. ಇಲ್ಲ ಎಂದೆ. ಓಡಿಸಿದ್ದೆ. ಅವರು ನಂಬಲಿಲ್ಲ.

ಹೊರಡುವಾಗ ಗೇಟಿನವರೆಗೂ ಗೋಡೆ ಹಿಡಿದುಕೊಂಡು ಬಂದು ಕೇಳಿದರು. "ನನ್ ಅಂಗ್ಡಿ ತಗಂಡೋನು ಹಳೇ ಟೈರ್ನ ಏನ್ ಮಾಡ್ತಾವ್ನೆ?"

ಗೊತ್ತಿಲ್ಲ ಎಂದೆ.

"ನೋಡಿ" ಅಂದರು. ಅಷ್ಟೇ. ಅದೇ ಕಡೆಯ ಭೇಟಿ. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು, ನನಗೆ ತಿಳಿದದ್ದು ತಿಥಿಯೂ ಕಳೆದ ಮೇಲೆ. ಬಹಳ ದಿನ ಬೇಜಾರಿತ್ತು. ನನ್ನಷ್ಟೇ ಅನುಮಾನದ ಮನುಷ್ಯರು ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಮೊನ್ನೆ ಮೊನ್ನೆ ಅದೇ ಅಂಗಡಿಗೆ ಹೋಗಿ ಹೊಸ ಟೈರು ಹಾಕಿಸಿದೆ. ಅಂಕಿ ಓದಿದೆ, ಮೂಸಿದೆ, ಉಗುರು ಒತ್ತಿದೆ. ಟೈರು ಸರಿಯಾಗಿತ್ತು. ಹೊಸ ಯಜಮಾನ ವಿನಯದ ಮನುಷ್ಯ. ಹಳೇದನ್ನು ಇಲ್ಲೇ ಬಿಟ್ಟು ಹೋಗಿ ಮೇಡಂ, ನಾವು ನೋಡ್ಕೋತೀವಿ ಎಂದ. ನಾನು ಗೋಡೆಯ ಕಡೆ ನೋಡಿದೆ. ಮೊಳೆಯಿತ್ತು, ಅದಕ್ಕೆ ಮೊಬೈಲ್ ಚಾರ್ಜರು ನೇತುಬಿದ್ದಿತ್ತು.

ಟೈರನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು, ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಲ್ಲಿಸಿ ಗರಗಸ ಕೇಳಿದೆ. ಮರಕ್ಕೋ ಕಬ್ಬಿಣಕ್ಕೋ ಎಂದರು. ಟೈರಿಗೆ ಎಂದೆ. ಮನೆಯ ಹಿತ್ತಿಲಲ್ಲಿ ಟೈರನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತೆ. ಜವರಣ್ಣ ಬೀಡಿ ಹಚ್ಚಿ ಮುಗಿಸುವುದರೊಳಗೆ ಮಾಡುತ್ತಿದ್ದ ಕೆಲಸ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ತಂತಿ ಸಿಕ್ಕಾಗ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ನಮ್ಮವರು ಕಾಫಿ ಲೋಟ ಹಿಡಿದು ನೋಡುತ್ತ ನಿಂತಿದ್ದರು.

"ಪೂರ್ತಿ ಬೋಳಾಗಿರಲಿಲ್ಲವಲ್ಲ, ಇನ್ನೂ ಯಾರಿಗಾದ್ರೂ ಆಗ್ತಿತ್ತು" ಅಂದರು.

"ಅದಕ್ಕೇ" ಅಂದೆ.