ಹಳದಿ ಕೆಂಪಿನ ಬೆನ್ನು ಹತ್ತಿ

ಡಲ್ಲಾಸ್ ಪಕ್ಕದ ಕಾಪೆಲ್‌ನ ಅಂಗಡಿಗಳ ಮುಂದಿನ ವಿಶಾಲ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ, ಹಾಲು ಕೊತ್ತಂಬರಿಗಳೊಡನೆ ಹೊರಬಂದಾಗಲೆಲ್ಲ, ಲೋಕದ ಸಮಸ್ತ ಕಾರುಗಳೂ ಬೂದುಬಣ್ಣದವೇ ಎಂಬ ಜ್ಞಾನೋದಯ ನನಗಾಗುತ್ತಿತ್ತು. ಈಗ ನನ್ನದನ್ನು ಹುಡುಕಿ ಅಲೆಯಬೇಕಿಲ್ಲ, ನನ್ನ ಕಾರಿನ ಆಂಟೆನಾದ ತುದಿಯಲ್ಲಿ ಹಳದಿ ಕೆಂಪಿನ ರೇಷ್ಮೆಯ ತುಂಡೊಂದು ಹಾರಾಡುತ್ತಿರುತ್ತದೆ. ಫುಟ್‌ಬಾಲೇ ಪರಮಧರ್ಮವಾಗಿರುವ ಈ ಟೆಕ್ಸಸ್ಸಿನಲ್ಲಿ ಕಂಡವರೆಲ್ಲ ಅದು ಯಾವ ತಂಡದ ಬಣ್ಣವೆಂದು ವಿಚಾರಿಸುತ್ತಾರೆ. ಉತ್ತರಿಸಬೇಕಾದರೆ ಅವರನ್ನು, ನಿಮ್ಮನ್ನೂ, ಬೀಜಿಂಗಿಗೆ ಕರೆದೊಯ್ಯಬೇಕು.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಕೆಲವು ಕನ್ನಡ ಕುಟುಂಬಗಳು ಒಟ್ಟಾಗಿ ಚೀನಾ ಪ್ರವಾಸ ಹೊರಟಿದ್ದೆವು. ಗೈಡ್ ಆಗಿದ್ದ ಮೇ ಎಂಬ ತರುಣಿ ನೀಲಿ ಬಾವುಟವನ್ನು ಎತ್ತಿ ಹಿಡಿದು, ಇದರ ಹಿಂದೆಯೇ ಬರಬೇಕೆಂದು ಆಜ್ಞಾಪಿಸಿದ್ದಳು. ಆದರೆ ಬೀಜಿಂಗಿನಲ್ಲಿ ಒಂದು ಬೆಳಿಗ್ಗೆ, ಚಕ್ರವರ್ತಿಗಳ ಹಳೆಯ ಅರಮನೆಯ ಅಂಗಳದಲ್ಲಿ ನನಗೆ ದೂರದಲ್ಲೊಂದು ಹಳದಿ ಕೆಂಪಿನ ಬಾವುಟ ಕಂಡಿತು. ನಮ್ಮ ನಾಡಿನವರೇ ಬಂದಿದ್ದಾರೆಂದು ಎದೆಯುಬ್ಬಿ, ಯಾವ ಊರಿನವರೆಂದು ಕೇಳಲು ಅಂಗಳದ ಮೇಲೆ ಅಂಗಳ ದಾಟಿ ಹೋದರೆ, ಹಳದಿ ಟೋಪಿ ತೊಟ್ಟ ಚೀನೀ ಅಜ್ಜ ಅಜ್ಜಿಯರ ಪ್ರವಾಸಿ ಗುಂಪಿನ ನಡುವೆ ನಿಂತಿದ್ದೆ, ಬಾವುಟ ಅವರದು. ಅವರು ಆದರದಿಂದ ನನ್ನೊಡನೆ ಫೋಟೋ ತೆಗೆಸಿಕೊಂಡರು. ನಮ್ಮ ಗುಂಪಿನಲ್ಲಿದ್ದ, ಹ್ಯೂಸ್ಟನ್ ಬಳಿಯ ಪೇರ್ಲ್ಯಾಂಡಿನಲ್ಲಿ ಬಟ್ಟೆ ವ್ಯಾಪಾರ ಮಾಡುವ, ಹುಬ್ಬಳ್ಳಿ ಮೂಲದ ಸರೋಜಕ್ಕ ನಾನು ಮರಳಿದ್ದನ್ನು ಕಂಡು ನಕ್ಕರು. "ಬಾವುಟ ಕಂಡಲ್ಲೆಲ್ಲಾ ಓಡ್ತೀರೇನ್ರಿ? ನಿಮ್ಮನ್ನ ಹಗ್ಗಾ ಹಾಕಿ ಕಟ್ಟಬೇಕ್ರಿ." ಊಟದವರೆಗೂ ಗುಂಪಿಗೆ ನಾನೇ ಉಪ್ಪಿನಕಾಯಿ.

ಮಧ್ಯಾಹ್ನ ಬಹುಮಹಡಿಯ ರೇಷ್ಮೆ ಮಾರುಕಟ್ಟೆ. ಹೊರಡುವ ಹೊತ್ತಿಗೆ ಬಸ್ಸಿನಲ್ಲಿ ಎಲ್ಲರೂ ಇದ್ದರು, ಸರೋಜಕ್ಕ ಇರಲಿಲ್ಲ. ಸಂಜೆ ಶಿಆನ್ ನಗರಕ್ಕೆ ಹೋಗುವ ರೈಲು ಹಿಡಿಯಬೇಕು. ಅವರ ಬಳಿ ಫೋನಿಲ್ಲ, ಚೀನೀ ಭಾಷೆಯ ಒಂದಕ್ಷರವೂ ಬಾರದು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮೇ ನೀಲಿ ಬಾವುಟ ಎತ್ತಿಕೊಂಡು ಒಳಗೆ ಧಾವಿಸಿದಳು, ಬೆನ್ನಿಗೆ ನಾನೂ ಹೋದೆ. ಅಲ್ಲಿ ಎಲ್ಲೆಲ್ಲೂ ಗೈಡುಗಳು, ಮುಕ್ಕಾಲು ಮಂದಿಯ ಕೈಯಲ್ಲಿ ನೀಲಿ ಬಾವುಟವೇ.

ನನ್ನ ಹೆಂಡತಿ ರವಿಕೆಗೆಂದು ಆಗತಾನೆ ಕೊಂಡಿದ್ದ ಹಳದಿ ಮತ್ತು ಕೆಂಪು ರೇಷ್ಮೆ ನನ್ನ ಕೈಚೀಲದಲ್ಲೇ ಇತ್ತು. ಗೃಹಸಚಿವಾಲಯದ ಅನುಮತಿಗೆ ಕಾಯದೆ ಎರಡನ್ನೂ ಜೊತೆಗಿದ್ದ ಛತ್ರಿಯ ತುದಿಗೆ ಕಟ್ಟಿ, ನೆಲಮಹಡಿಯ ನಡುಮಧ್ಯದ ಬೆಂಚು ಹತ್ತಿ ಬೀಸತೊಡಗಿದೆ. ಮಾರುವವರೂ ಕೊಳ್ಳುವವರೂ ಚೌಕಾಸಿ ನಿಲ್ಲಿಸಿ ನನ್ನನ್ನೇ ನೋಡಿದರು. ತೋಳು ಸೋಲುತ್ತಿದ್ದಾಗ ಮೇಲಿನ ಮಹಡಿಯಿಂದ ಹುಬ್ಬಳ್ಳಿಯ ದನಿ ಕೇಳಿತು. "ಅಲ್ಲೇ ನಿಲ್ರಿ, ಬಂದೆ ಬಂದೆ."

ಎರಡು ಕೈಯಲ್ಲೂ ಚೀಲ ಹಿಡಿದು ಇಳಿದು ಬಂದ ಸರೋಜಕ್ಕನ ಕಣ್ಣು ಒದ್ದೆಯಾಗಿತ್ತು. "ನೀಲಿ ಬಾವುಟದ ಹಿಂದ ತಿರುಗಿ ತಿರುಗಿ ಸಾಕಾತ್ರಿ, ಒಂದೂ ನಮ್ದಲ್ಲ. ಇದು ಕಂಡ ಮ್ಯಾಲ ಜೀವ ಬಂತ್ ನೋಡ್ರಿ. ಮುಂಜಾನೆ ನಕ್ಕಿದ್ದನ್ನ ವಾಪಸ್ ತಗೊಂಡೆ." ಬೆಳಿಗ್ಗೆ ನನ್ನನ್ನು ದಾರಿ ತಪ್ಪಿಸಿದ ಬಣ್ಣಗಳೇ ಸಂಜೆ ಇನ್ನೊಬ್ಬರಿಗೆ ದಾರಿ ತೋರಿದ್ದವು.

ರೈಲು ಸಿಕ್ಕಿತು. ಮೇ ತನ್ನ ನೀಲಿ ಬಾವುಟವನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿ, ಉಳಿದ ದಿನಗಳೆಲ್ಲ ನಮ್ಮದನ್ನೇ ಹಿಡಿದಳು. ಶಿಆನ್‌ನಲ್ಲಿ ಪುರಾತನ ಚಕ್ರವರ್ತಿಯ ಗೋರಿ ಕಾಯುವ ಅಸಂಖ್ಯ ಮಣ್ಣಿನ ಸೈನಿಕರೆದುರು ಅದು ಮೆರೆದಾಗ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಠೀವಿ ನನ್ನದಾಗಿತ್ತು. ಹೆಂಡತಿಗೆ ಇಂದಿಗೂ ಆ ರವಿಕೆಯ ಬಾಕಿಯಿದೆ.

ಮೊನ್ನೆ ಕೌಬಾಯ್ ಟೋಪಿಯವನೊಬ್ಬ ಪಾರ್ಕಿಂಗ್ ಲಾಟಿನಲ್ಲಿ ಆಂಟೆನಾ ನೋಡಿ ಅದೇ ಪ್ರಶ್ನೆ ಕೇಳಿದ. ಅವನಿಗೆ ಬೀಜಿಂಗ್ ತೋರಿಸುವಷ್ಟು ಹೊತ್ತಿರಲಿಲ್ಲ, ಕೊತ್ತಂಬರಿ ಬಾಡುತ್ತಿತ್ತು. ಗೆದ್ದ ತಂಡದ್ದು ಎಂದು ಹೇಳಿ, ಅತ್ತಿತ್ತ ನೋಡದೆ ನೇರವಾಗಿ ನನ್ನ ಕಾರು ಹತ್ತಿದೆ.